ಖಾಕಿ, ಕರಿಕೋಟು ಮತ್ತು ಧ್ವನಿಮತ

2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ಹಾಕದೆ ಬೈಕಿನಲ್ಲಿ ಹೊರಟಿದ್ದ ವಕೀಲರೊಬ್ಬರನ್ನು ಪೊಲೀಸರು ತಡೆದರು. ಮಾತಿಗೆ ಮಾತು ಬೆಳೆಯಿತು. ಪೊಲೀಸರು ತಮ್ಮನ್ನು ಹೊಡೆದರೆಂದು ವಕೀಲರು ಆರೋಪಿಸಿದರು. ವಕೀಲರ ಸಂಘ ಕೋರ್ಟ್ ಕಲಾಪದಿಂದ ಹೊರಗುಳಿಯಿತು, ಪ್ರತಿಭಟನೆ ಬೇರೆ ಊರುಗಳಿಗೂ ಹಬ್ಬಿತು, ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕೆಲವು ಪೊಲೀಸರು ಅಮಾನತಾದರು, ಅವರ ಮೇಲೆ ಮೊಕದ್ದಮೆಯೂ ಬಿತ್ತು. ಆಗ ಸಾಮಾನ್ಯವಾಗಿ ನಡೆಯದ ಒಂದು ಸಂಗತಿ ನಡೆಯಿತು: ಪೊಲೀಸ್ ಸಿಬ್ಬಂದಿಯೂ ಅವರ ಮನೆಯವರೂ ನ್ಯಾಯ ಬೇಕೆಂದು ಬೀದಿಗಿಳಿದರು.

ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿತು. ವಕೀಲರ ಮೇಲಿನ ಹಿಂಸೆಯನ್ನು ತಡೆಯುವ ವಿಧೇಯಕ ಅದೇ ಅಧಿವೇಶನದಲ್ಲಿ ಮಂಡನೆಯಾಗಿ ಅಂಗೀಕಾರವೂ ಆಯಿತು. ವಕೀಲರ ಮೇಲೆ ಹಲ್ಲೆ ಮಾಡಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ವಕೀಲರನ್ನು ಬಂಧಿಸಿದರೆ ಪೊಲೀಸರು ಅವರ ಸಂಘಕ್ಕೆ ತಿಳಿಸಬೇಕೆಂಬ ಕಟ್ಟಳೆಯೂ ಅದರಲ್ಲಿತ್ತು. ಬೇಡಿಕೆ ಹಳೆಯದೇ. ಅದೇ ವರ್ಷ ರಾಜಸ್ಥಾನ ಇಂಥದ್ದೇ ಕಾಯ್ದೆ ಮಾಡಿ ದಾರಿ ತೋರಿಸಿತ್ತು. ಆದರೆ ಕಡತ ಸದನಕ್ಕೆ ಬರುವ ಹೊತ್ತಿಗೆ ಬೀದಿ ಬಿಸಿಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಬೀದಿಗಿಳಿದ ಎರಡು ಗುಂಪುಗಳಲ್ಲಿ ಕರಿಕೋಟಿನವರಿಗೆ ಕಾಯ್ದೆ ಸಿಕ್ಕಿತು, ಖಾಕಿಯವರಿಗೆ ಸಿಗಲಿಲ್ಲ. ಯಾರ ಪಾಲಿಗೆ ನ್ಯಾಯವಿತ್ತು ಎಂಬುದು ನ್ಯಾಯಾಲಯಕ್ಕೆ ಬಿಟ್ಟ ಮಾತು. ಕೋರ್ಟು ಮತ್ತು ಪೊಲೀಸರ ಬಗ್ಗೆ ನಮ್ಮ ಶಾಸಕರು ಹೇಗೆ ಕಾನೂನು ಮಾಡುತ್ತಾರೆ ಎಂದು ತಿಳಿಯಬೇಕಾದವರು ಮಾತ್ರ ಈ ವ್ಯತ್ಯಾಸದಿಂದಲೇ ಶುರುಮಾಡುವುದು ಒಳ್ಳೆಯದು. ಸದನದಲ್ಲಿ ಎತ್ತುವ ದನಿಗಿಂತ ಸದನದ ಬಾಗಿಲಲ್ಲಿ ನಿಂತು ದನಿ ಎತ್ತಲು ಯಾರಿಗೆ ಹಕ್ಕಿದೆ ಎಂಬುದು ಇಲ್ಲಿ ಹೆಚ್ಚು ತೂಕದ್ದು.

ವಕೀಲರಿಗೆ ಸಂಘವಿದೆ. ಪೊಲೀಸರಿಗೆ ಹಾಗಿಲ್ಲ. ಪೊಲೀಸರು, ಸೈನಿಕರಂಥವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಆ ಅಧಿಕಾರದಡಿ 1966ರಲ್ಲಿ ಬಂದ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆಯ ಪ್ರಕಾರ ಕಾನ್‌ಸ್ಟೇಬಲ್ ಒಬ್ಬರು ಅನುಮತಿಯಿಲ್ಲದೆ ಕಾರ್ಮಿಕ ಸಂಘ ಸೇರುವಂತಿಲ್ಲ, ಪತ್ರಿಕೆಯೊಂದಿಗೆ ಮಾತಾಡುವಂತಿಲ್ಲ, ಅಂಥ ಸಂಘಟನೆಯ ಮೆರವಣಿಗೆಯಲ್ಲಿ ಹೆಜ್ಜೆ ಹಾಕುವಂತಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಸೆರೆ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆಂಬ ಸುದ್ದಿ ಹಬ್ಬಿದಾಗ ಸರ್ಕಾರ ಗಾಬರಿಬಿದ್ದದ್ದು ನೆನಪಿರಬಹುದು. ರಜೆಯ ಚಳವಳಿ ಹೆಚ್ಚುಕಡಿಮೆ ಠುಸ್ಸಾಯಿತು. ಆದರೆ ಅದರ ಬಿಸಿಗೆ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ನೇತೃತ್ವದ ಸಮಿತಿ ಬಂತು, ಕೆಳಹಂತದವರ ಸಂಬಳ ಏರಿಸಬೇಕೆಂಬ ವರದಿಯೂ ಬಂತು. ವರದಿ ಜಾರಿಯಾಗುವ ಹೊತ್ತಿಗೆ 2019. ಈ ಏರಿಕೆಗೆ ಯಾವ ವಿಧೇಯಕವೂ ಬೇಕಾಗಲಿಲ್ಲ. ಸಂಬಳ, ವಸತಿ, ವಾರದ ರಜೆ, ಖಾಲಿ ಹುದ್ದೆ, ಹೀಗೆ ಪೇದೆಯ ಬದುಕನ್ನು ಮುಟ್ಟುವ ಬಹುಪಾಲು ಸಂಗತಿಗಳು ಸರ್ಕಾರಿ ಆದೇಶದಲ್ಲೂ ಬಜೆಟ್ಟಿನ ಅಂಕಿಗಳಲ್ಲೂ ತೀರ್ಮಾನವಾಗುತ್ತವೆ. ಶಾಸಕರು ಅವನ್ನು ಚರ್ಚಿಸಬಹುದು, ಬೈಯಬಹುದು. ಆದರೆ ಅವು ಪ್ರತ್ಯೇಕ ವಿಧೇಯಕವಾಗಿ ಮತಕ್ಕೆ ಬರುವುದು ಅಪರೂಪ.

ಇನ್ನು ಮತ ಹಾಕುವ ಬಗೆ. ವಿಧಾನಸಭೆಯ ಸದಸ್ಯಬಲ 224. ಹತ್ತನೇ ಒಂದು ಭಾಗ, ಅಂದರೆ 23 ಮಂದಿ ಇದ್ದರೆ ಕೋರಂ ಆಯಿತು, ಸದನ ನಡೆಯಬಹುದು. ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನವರು ಒಪ್ಪಿದರೆ ವಿಧೇಯಕ ಪಾಸು. ಲೆಕ್ಕ ಹಾಕಿ ನೋಡಿ: ಕೋರಂ ಮಾತ್ರ ಇರುವ ದಿನ 12 ಜನ ಸೇರಿ ಏಳು ಕೋಟಿ ದಾಟಿದ ನಾಡಿಗೆ ಕಾಯ್ದೆ ಮಾಡಬಹುದು. ಮಂತ್ರಿ ವಿಧೇಯಕ ಮಂಡಿಸುತ್ತಾರೆ, ಉದ್ದೇಶ ಮತ್ತು ಕಾರಣಗಳ ಹೇಳಿಕೆ ಅದರ ಜೊತೆಗಿರುತ್ತದೆ. ಪರ್ಯಾಲೋಚನೆಯ ದಿನ ಕೆಲವರು ಮಾತಾಡುತ್ತಾರೆ, ಖಂಡ ಖಂಡವಾಗಿ ಒಪ್ಪಿಗೆ ಪಡೆಯಲಾಗುತ್ತದೆ. ಕೊನೆಗೆ ಸಭಾಧ್ಯಕ್ಷರು ಪರವಾಗಿರುವವರು ‘ಹೌದು’ ಎನ್ನಿ, ವಿರುದ್ಧ ಇರುವವರು ‘ಇಲ್ಲ’ ಎನ್ನಿ ಎಂದು ಕೇಳುತ್ತಾರೆ. ದನಿಗಳ ಅಂದಾಜಿನ ಮೇಲೆ ಪ್ರಸ್ತಾವ ಅಂಗೀಕಾರವಾಯಿತೆಂದು ಸಾರುತ್ತಾರೆ. ಇದೇ ಧ್ವನಿಮತ. ಯಾರು ಏನೆಂದರು ಎಂಬ ದಾಖಲೆ ಉಳಿಯುವುದಿಲ್ಲ. ನಿಮ್ಮ ಕ್ಷೇತ್ರದ ಶಾಸಕರು ಪೊಲೀಸ್ ಕಾಯ್ದೆಯ ತಿದ್ದುಪಡಿಗೆ ಹೌದೆಂದರೋ ಇಲ್ಲವೆಂದರೋ ಕ್ಯಾಂಟೀನಿನಲ್ಲಿದ್ದರೋ ತಿಳಿಯಲು ನಿಮಗೆ ದಾರಿಯಿಲ್ಲ. ಹೆಸರು ಹೆಸರಾಗಿ ಎಣಿಸಬೇಕಾದರೆ ಸದಸ್ಯರೇ ಮತವಿಭಜನೆ ಕೇಳಬೇಕು. ಅದು ನಡೆಯುವುದು ಬಿಗುವಿನ ಗಳಿಗೆಗಳಲ್ಲಿ ಮಾತ್ರ. ಇಷ್ಟರ ಮೇಲೆ ಪಕ್ಷದ ವಿಪ್ ಇದೆ. 1985ರಿಂದ ಇರುವ ಪಕ್ಷಾಂತರ ನಿಷೇಧದಡಿ ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಕೋರ್ಟಿನ ವಿಧೇಯಕವನ್ನು ಕುರಿತು ವಕೀಲಿ ವೃತ್ತಿಯಿಂದ ಬಂದ ಶಾಸಕರು ಎಷ್ಟೇ ಸೂಕ್ಷ್ಮವಾಗಿ ಮಾತಾಡಿದರೂ ಕೊನೆಯಲ್ಲಿ ದನಿ ಪಕ್ಷದ್ದೇ. ನನಗೆ ಇದು ಕೊರತೆ ಎಂದೇ ಅನ್ನಿಸುತ್ತದೆ. ಸರ್ಕಾರದ ಅಳಿವು ಉಳಿವಿಗೆ ಸಂಬಂಧಿಸದ ವಿಧೇಯಕಗಳಲ್ಲಿ ವಿಪ್‌ನ ಬಿಗಿ ಏಕೆ ಬೇಕು?

ಮೇಲ್ಮನೆಯಾದ ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಅದು ವಿಧೇಯಕವನ್ನು ಮೊದಲು ಮೂರು ತಿಂಗಳು, ವಿಧಾನಸಭೆ ಮತ್ತೆ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದೇ ಹೊರತು ಸಾಯಿಸಲಾರದು. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ವಿಧೇಯಕ ಪರಿಷತ್ತಿನಲ್ಲಿ ಬಿದ್ದು, ಒಂದೇ ವಾರದೊಳಗೆ ಮತ್ತೆ ಎರಡೂ ಮನೆ ದಾಟಿತು.

ಶಾಸಕರು ಯಾವುದರ ಬಗ್ಗೆ ಕಾನೂನು ಮಾಡಬಹುದು ಎಂಬುದು ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಪೊಲೀಸ್ ವಿಷಯ ಪೂರ್ತಿ ರಾಜ್ಯಪಟ್ಟಿಯದು. ನ್ಯಾಯಾಲಯಗಳದ್ದು ಹಂಚಿಹೋದ ಕಥೆ. ಮೊದಲು ಕೆಳಹಂತದ ಕೋರ್ಟುಗಳ ರಚನೆಯೂ ರಾಜ್ಯಪಟ್ಟಿಯಲ್ಲೇ ಇತ್ತು. 1976ರ 42ನೇ ತಿದ್ದುಪಡಿ ಅದನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸರಿಸಿತು. ಕೋರ್ಟ್ ಶುಲ್ಕ ಮಾತ್ರ, ಸುಪ್ರೀಂ ಕೋರ್ಟಿನದ್ದು ಬಿಟ್ಟು, ರಾಜ್ಯದ ಕೈಯಲ್ಲೇ ಉಳಿಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆ ಸಮವರ್ತಿ ಪಟ್ಟಿಯದು. ಆದ್ದರಿಂದ ಸಣ್ಣ, ಅತಿಸಣ್ಣ ರೈತರ ಮತ್ತು ಬಡವರ ವ್ಯಾಜ್ಯಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು 2023ರಲ್ಲಿ ಕಾನೂನು ಸಚಿವ ಎಚ್.ಕೆ. ಪಾಟೀಲರು ತಂದ ತಿದ್ದುಪಡಿಗೆ ಬೆಂಗಳೂರಿನ ಒಪ್ಪಿಗೆಯಷ್ಟೇ ಸಾಲದೆ ರಾಷ್ಟ್ರಪತಿಗಳ ಅಂಕಿತವೂ ಬೇಕಾಯಿತು. ಆಶಯ ಒಳ್ಳೆಯದೇ. ಆದರೆ ಕೆಳ ಕೋರ್ಟುಗಳ ಮೇಲಿನ ಹತೋಟಿ 235ನೇ ವಿಧಿಯ ಪ್ರಕಾರ ಹೈಕೋರ್ಟಿನದು. ನ್ಯಾಯಾಧೀಶರ ಹುದ್ದೆ, ಕಟ್ಟಡ, ಗುಮಾಸ್ತರಿಗೆ ದುಡ್ಡು ಸರ್ಕಾರದ್ದು. ಗಡುವು ಮಾತ್ರ ಶಾಸಕರದು. ಹುದ್ದೆ ತುಂಬದೆ ಗಡುವು ಹಾಕಿದರೆ ಅದನ್ನು ಕಾಯುವವರು ಯಾರು?

ಕೋರ್ಟಿನ ಬಗ್ಗೆ ಕಾನೂನು ಮಾಡಬಹುದಾದ ಶಾಸಕರು ಹೈಕೋರ್ಟಿನ ಅಥವಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಕರ್ತವ್ಯದಲ್ಲಿ ನಡೆದುಕೊಂಡ ರೀತಿಯನ್ನು ಸದನದಲ್ಲಿ ಚರ್ಚಿಸುವಂತಿಲ್ಲ. ಅದು 211ನೇ ವಿಧಿ. ಸದನದ ಕಾರ್ಯವಿಧಾನದಲ್ಲಿ ಲೋಪವಾಯಿತೆಂದು ಕೋರ್ಟು ಪ್ರಶ್ನಿಸುವಂತಿಲ್ಲ ಎನ್ನುವುದು ಅದರ ಬೆನ್ನಿಗಿರುವ 212. ವಿಧಾನಸೌಧಕ್ಕೂ ಎದುರಿಗೆ ಹೈಕೋರ್ಟ್ ಇರುವ ಅಠಾರಾ ಕಚೇರಿಗೂ ನಡುವೆ ಒಂದು ರಸ್ತೆಯಷ್ಟೇ ಅಂತರ. ಆದರೆ ಇಬ್ಬರೂ ಒಬ್ಬರ ಮನೆಯೊಳಗೆ ಇನ್ನೊಬ್ಬರು ಇಣುಕದಂತೆ ಈ ಎರಡು ವಿಧಿಗಳು ನೋಡಿಕೊಳ್ಳುತ್ತವೆ.

ಹೊರಗೆ ಬಂದ ಕಾಯ್ದೆಯನ್ನು ಮಾತ್ರ ಕೋರ್ಟು ತೂಗಿ ನೋಡಬಹುದು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅಪರಾಧವೆಂದು ಸಾರಲಾಯಿತು. ಅಕ್ಟೋಬರ್ 5ರಂದು ಜಾರಿ. 2022ರ ಫೆಬ್ರವರಿ 14ರಂದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಜೂಜು ಬೇರೆ, ಕೌಶಲದ ಆಟ ಬೇರೆ. ಎರಡನ್ನೂ ಒಂದೇ ಬಲೆಗೆ ಹಾಕಿದರೆ ಉದ್ಯೋಗದ ಹಕ್ಕಿಗೆ ಪೆಟ್ಟು ಬೀಳುತ್ತದೆ ಎಂಬುದು ತೀರ್ಪಿನ ತಿರುಳು. ಸಂವಿಧಾನಕ್ಕೆ ಹೊಂದುವ ಹೊಸ ಕಾನೂನು ಮಾಡಲು ಅಡ್ಡಿಯಿಲ್ಲ ಎಂದೂ ಪೀಠ ಹೇಳಿತು. ಆ ವ್ಯತ್ಯಾಸದ ಬಗ್ಗೆ ಕೋರ್ಟುಗಳು ದಶಕಗಳಿಂದ ಹೇಳುತ್ತಲೇ ಬಂದಿದ್ದವು. ಪರ್ಯಾಲೋಚನೆ ನಿಜಕ್ಕೂ ಪರ್ಯಾಲೋಚನೆಯೇ ಆಗಿದ್ದರೆ, ವಿಧೇಯಕ ಸದನ ಸಮಿತಿಯ ಮೇಜಿನ ಮೇಲೆ ಕೆಲವು ವಾರ ಇದ್ದಿದ್ದರೆ, ಯಾರಾದರೂ ಆ ಮಾತನ್ನು ಎತ್ತುತ್ತಿದ್ದರು.

ಶಾಸಕರ ಮುಂದೆ ಬರದೆಯೇ ಆದದ್ದೂ ಇದೆ. 1984ರ ಲೋಕಾಯುಕ್ತ ಕಾಯ್ದೆ ಸದನ ಮಾಡಿದ್ದು. 2016ರ ಮಾರ್ಚ್‌ನಲ್ಲಿ ಬರೀ ಸರ್ಕಾರಿ ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಹುಟ್ಟಿತು. ಲೋಕಾಯುಕ್ತ ಪೊಲೀಸರ ತನಿಖಾ ಅಧಿಕಾರ ಅದರ ಪಾಲಾಯಿತು. ಆರು ವರ್ಷ ಎಸಿಬಿ ದಾಳಿಗಳ ಸುದ್ದಿ ಓದಿ ಓದಿ ಜನಕ್ಕೆ ಅದು ಕಾಯಂ ಸಂಸ್ಥೆ ಎನ್ನಿಸಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ಆದೇಶವನ್ನೇ ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಹಿಂದಿರುಗಿಸಿತು. ಸದನ ಕೊಟ್ಟ ಹಲ್ಲನ್ನು ಸಚಿವಾಲಯ ಕಿತ್ತಿತ್ತು, ಕೋರ್ಟು ಮತ್ತೆ ಕಟ್ಟಿಸಿತು. ನಡುವಿನ ವರ್ಷಗಳಲ್ಲಿ ಸದನ ಸದ್ದಿಲ್ಲದೆ ಕೂತಿತ್ತೆನ್ನಲಾಗದು, ಪ್ರಶ್ನೆಗಳೆದ್ದವು; ಆದರೆ ಮತಕ್ಕೆ ಹಾಕುವಂಥ ಏನೂ ಅದರ ಮುಂದಿರಲಿಲ್ಲ.

ಪೊಲೀಸ್ ಕಾಯ್ದೆಯ ಹುಟ್ಟನ್ನೂ ಒಮ್ಮೆ ನೋಡಬೇಕು. 1956ರಲ್ಲಿ ಕನ್ನಡ ನಾಡು ಒಂದಾದಾಗ ಕಾನೂನುಗಳು ಒಂದಾಗಿರಲಿಲ್ಲ. ಹಳೆ ಮೈಸೂರಿನಲ್ಲಿ 1908ರ ಮೈಸೂರು ಪೊಲೀಸ್ ಕಾಯ್ದೆ, ಬೆಳಗಾವಿ ಧಾರವಾಡದ ಕಡೆ 1951ರ ಮುಂಬಯಿ ಕಾಯ್ದೆ, ಕಲಬುರಗಿಯಲ್ಲಿ ಹೈದರಾಬಾದಿನದು, ಮಂಗಳೂರಿನಲ್ಲಿ ಮದರಾಸಿನದು. ಒಂದೇ ಸರ್ಕಾರದ ಪೇದೆ ಘಟ್ಟ ಇಳಿದರೆ ಬೇರೆ ಕಾನೂನಿನ ಪೇದೆ. ಆ ಗೋಜಲು ಬಿಡಿಸಲು 1960ರ ದಶಕದ ಮೊದಲ ಭಾಗದಲ್ಲಿ ಕಾಯ್ದೆಗಳ ಒಂದು ಸಾಲೇ ಬಂತು: 1961ರಲ್ಲಿ ಹೈಕೋರ್ಟ್ ಕಾಯ್ದೆ, 1962ರಲ್ಲಿ ಗೃಹರಕ್ಷಕ ದಳದ್ದು, 1963ರಲ್ಲಿ ಪೊಲೀಸ್ ಕಾಯ್ದೆ, 1964ರಲ್ಲಿ ಸಿವಿಲ್ ನ್ಯಾಯಾಲಯಗಳದ್ದು ಮತ್ತು ಅಗ್ನಿಶಾಮಕ ದಳದ್ದು. ಇಂದಿಗೂ ನಾವು ತಿದ್ದುತ್ತಿರುವುದು ಬಹುತೇಕ ಆ ಕಾಲದವರು ಕಟ್ಟಿದ್ದನ್ನೇ.

ಪೊಲೀಸ್ ಕಾಯ್ದೆಗೆ ಆದ ದೊಡ್ಡ ತಿದ್ದುಪಡಿ 2012ರದು. ಅದಕ್ಕೆ ಕಾರಣ ಸದನದ ಸ್ವಂತ ಉತ್ಸಾಹವಲ್ಲ. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಹಾಕಿದ ಅರ್ಜಿಗೆ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ತೀರ್ಪು ಕೊಟ್ಟು, ಪೊಲೀಸರನ್ನು ರಾಜಕೀಯದ ಹಿಡಿತದಿಂದ ಬಿಡಿಸಲು ಏಳು ನಿರ್ದೇಶನ ನೀಡಿತ್ತು. ರಾಜ್ಯ ಭದ್ರತಾ ಆಯೋಗ, ವರ್ಗಾವಣೆ ನೋಡಿಕೊಳ್ಳುವ ಪೊಲೀಸ್ ಸಿಬ್ಬಂದಿ ಮಂಡಳಿ, ಸಾರ್ವಜನಿಕರ ದೂರು ಕೇಳುವ ಪ್ರಾಧಿಕಾರ, ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಅವುಗಳಲ್ಲಿ ಕೆಲವು. ಕರ್ನಾಟಕ ಇವನ್ನು ಕಾಯ್ದೆಯೊಳಗೆ ತರಲು ಆರು ವರ್ಷ ತೆಗೆದುಕೊಂಡಿತು. ಅವಧಿಯ ವಿಷಯದಲ್ಲಿ ಕೈ ಬಿಗಿಹಿಡಿದು, ಎರಡಿರಬೇಕಾದ ಕಡೆ ಒಂದೇ ವರ್ಷದ ನಿಯಮ ಬಹುಕಾಲ ನಡೆಯಿತು. ಒಂದು ವರ್ಷದಲ್ಲಿ ಠಾಣೆಗೆ ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಊರಿನ ರೌಡಿಗಳ ಪಟ್ಟಿಯನ್ನೂ ಗಣ್ಯರ ಪಟ್ಟಿಯನ್ನೂ ಬೇರೆ ಬೇರೆ ಮಾಡಿಕೊಳ್ಳುವಷ್ಟರಲ್ಲಿ ವರ್ಗ. ಆ ವರ್ಗಕ್ಕೆ ಶಿಫಾರಸು ಪತ್ರ ಬರೆಯುವವರಲ್ಲಿ ಶಾಸಕರೂ ಇರುತ್ತಾರೆ ಎಂಬುದು ಗುಟ್ಟೇನಲ್ಲ. ತಮ್ಮ ಪತ್ರದ ಬಲ ಕುಗ್ಗಿಸುವ ವಿಧೇಯಕಕ್ಕೆ ತಾವೇ ‘ಹೌದು’ ಎನ್ನುವುದು ಸುಲಭವಲ್ಲ. 2024ರ ತಿದ್ದುಪಡಿ ಕನಿಷ್ಠ ಅವಧಿಯನ್ನು ಕೊನೆಗೂ ಎರಡು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟ್ ಹೇಳಿ ಆಗಲೇ ಹದಿನೇಳು ವರ್ಷ ಕಳೆದಿತ್ತು.

ಧ್ವನಿಮತ ಮುಗಿದ ಮೇಲೂ ಹಾದಿ ಉದ್ದವಿದೆ. ರಾಜ್ಯಪಾಲರು ಅಂಕಿತ ಹಾಕಬಹುದು, ಹಿಂದಿರುಗಿಸಬಹುದು, ರಾಷ್ಟ್ರಪತಿಗಳಿಗೆ ಕಾಯ್ದಿರಿಸಬಹುದು. ಅಂಕಿತ ಬಿದ್ದರೂ ಅನೇಕ ಕಾಯ್ದೆಗಳ ಮೊದಲ ಖಂಡದಲ್ಲೇ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಪಡಿಸುವ ದಿನದಿಂದ ಜಾರಿ ಎಂಬ ಸಾಲಿರುತ್ತದೆ. ಆಮೇಲೆ ನಿಯಮ ರೂಪಿಸಬೇಕು, ಹುದ್ದೆ ಮಂಜೂರಾಗಬೇಕು, ಕೊಠಡಿ ಹುಡುಕಬೇಕು. ಸರ್ಕಾರಿ ಜಮೀನು ನುಂಗಿದವರನ್ನು ವಿಚಾರಿಸಲು ಪ್ರತ್ಯೇಕ ಕೋರ್ಟು ಬೇಕೆಂದು ಮಾಡಿದ ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆಯ ಹೆಸರಿನಲ್ಲಿ 2011 ಎಂದಿದೆ. ರಾಷ್ಟ್ರಪತಿಗಳ ಅಂಕಿತ ಬಂದದ್ದು 2014ರಲ್ಲಿ. ಬೆಂಗಳೂರಿನಲ್ಲಿ ಆ ವಿಶೇಷ ನ್ಯಾಯಾಲಯ ಕೆಲಸ ಶುರುಮಾಡಿದ್ದು 2016ರಲ್ಲಿ. ಅಷ್ಟರಲ್ಲಿ ರಾಜ್ಯದಲ್ಲಿ ಒಂದು ವಿಧಾನಸಭಾ ಚುನಾವಣೆ ಕಳೆದು, ಸರ್ಕಾರವೂ ಬದಲಾಗಿತ್ತು.