ಹೆಸರು ಯಾವ ರಾಜ್ಯದ ಪಟ್ಟಿಯಲ್ಲಿದೆ?

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ವೃದ್ಧರೂ ದೀರ್ಘಕಾಲದ ರೋಗಿಗಳೂ ವರ್ಷಗಟ್ಟಲೆ ಉಳಿಯುವ ಶುಶ್ರೂಷಾಲಯ. ಅಲ್ಲಿ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೆಚ್ಚಾಗಿ ನರ್ಸುಗಳ ಕೆಲಸವಲ್ಲ, ನರ್ಸಿಂಗ್ ಅಸಿಸ್ಟೆಂಟ್ ಎಂಬ ಸಹಾಯಕರದು. ಇಂಥ ಸಹಾಯಕಿಯೊಬ್ಬಳು ಟೆಕ್ಸಾಸ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರೆ ಅವಳ ಪ್ರಮಾಣಪತ್ರ ಅಲ್ಲಿ ನಡೆಯುತ್ತದೆಯೇ?

ತಾನಾಗಿ ನಡೆಯುವುದಿಲ್ಲ. ಶುಶ್ರೂಷಾಲಯಗಳ ಆರೈಕೆಯಲ್ಲಿ ಗಂಭೀರ ಕೊರತೆಗಳಿವೆ ಎಂದು 1986ರಲ್ಲಿ ತಜ್ಞರ ವರದಿಯೊಂದು ಹೇಳಿತು. ಮರುವರ್ಷ, 1987ರಲ್ಲಿ, ಅಮೆರಿಕದ ಕೇಂದ್ರ ಸರಕಾರ ಕಾನೂನು ತಂದಿತು. ಅದರಂತೆ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಹಾಗೂ ಪರೀಕ್ಷೆ ಕಡ್ಡಾಯ. ತೇರ್ಗಡೆಯಾದವರ ಹೆಸರು ರಾಜ್ಯದ ನೋಂದಣಿ ಪಟ್ಟಿಗೆ ಸೇರಬೇಕು. ಕನಿಷ್ಠ ಮಿತಿ ಮಾತ್ರ ಕೇಂದ್ರದ್ದು, ಹೆಚ್ಚಿಸುವ ಅಧಿಕಾರ ರಾಜ್ಯಗಳದ್ದು. ಹೀಗಾಗಿ ಟೆಕ್ಸಾಸ್ 100 ಗಂಟೆ ಕೇಳಿದರೆ ಕ್ಯಾಲಿಫೋರ್ನಿಯಾ 160 ಗಂಟೆ ಕೇಳುತ್ತದೆ.

ಆದ್ದರಿಂದ ವರ್ಗಾವಣೆ ಎಂದರೆ ಕಾಗದವನ್ನು ಚೀಲದಲ್ಲಿಟ್ಟು ಒಯ್ಯುವುದಲ್ಲ. ಹೊಸ ರಾಜ್ಯಕ್ಕೆ ಅರ್ಜಿ ಹಾಕಬೇಕು. ಹಳೆಯ ರಾಜ್ಯದ ಪಟ್ಟಿಯಲ್ಲಿ ಹೆಸರು ಊರ್ಜಿತವಾಗಿದೆಯೇ, ದೂರುಗಳೇನಾದರೂ ಇವೆಯೇ ಎಂದು ಅಲ್ಲಿಯವರು ಪರಿಶೀಲಿಸುತ್ತಾರೆ. ಬೆರಳಚ್ಚು ತೆಗೆದು ಅಪರಾಧ ಹಿನ್ನೆಲೆ ನೋಡುವುದೂ ಉಂಟು. ಎಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಮರುಪರೀಕ್ಷೆ ಇಲ್ಲ. ಕಡಿಮೆ ಗಂಟೆ ಕಲಿತವರಿಂದ ಕೆಲವು ರಾಜ್ಯಗಳು ಇನ್ನಷ್ಟು ತರಬೇತಿ ಕೇಳುತ್ತವೆ.

ಹಲವರು ಎಡವುವುದು ಇನ್ನೊಂದು ನಿಯಮದಲ್ಲಿ. ಸತತ 24 ತಿಂಗಳು ಸಂಬಳಕ್ಕೆ ಶುಶ್ರೂಷೆಯ ಕೆಲಸ ಮಾಡದಿದ್ದರೆ ತರಬೇತಿ, ಪರೀಕ್ಷೆ ಮತ್ತೆ ಮೊದಲಿನಿಂದ. ‘ಸಂಬಳಕ್ಕೆ’ ಎಂಬ ಮಾತನ್ನು ಗಮನಿಸಿ. ಕೆಲಸ ಬಿಟ್ಟು ಹಾಸಿಗೆ ಹಿಡಿದ ತಾಯಿಯನ್ನು ಎರಡು ವರ್ಷ ಮನೆಯಲ್ಲೇ ನೋಡಿಕೊಂಡವಳ ದುಡಿಮೆ ಈ ಲೆಕ್ಕಕ್ಕೆ ಬರುವುದಿಲ್ಲ. ಕಾನೂನಿನ ಉದ್ದೇಶ ಒಳ್ಳೆಯದೇ, ಆದರೆ ಇಲ್ಲಿ ಅದು ಕುರುಡಾಗಿದೆ ಎನ್ನದೆ ವಿಧಿಯಿಲ್ಲ.

ನೋಂದಾಯಿತ ನರ್ಸುಗಳಿಗೆ ಈ ತೊಡಕು ಕಡಿಮೆ. 2000ದಲ್ಲಿ ಜಾರಿಗೆ ಬಂದ ರಾಜ್ಯಗಳ ಒಪ್ಪಂದವೊಂದರಿಂದ ಅವರು ಒಂದೇ ಪರವಾನಗಿಯಲ್ಲಿ ಹಲವು ರಾಜ್ಯಗಳಲ್ಲಿ ದುಡಿಯಬಹುದು. ಕಡಿಮೆ ಸಂಬಳದ ಸಹಾಯಕರು ಮಾತ್ರ ಆ ಒಪ್ಪಂದದ ಹೊರಗೇ ಉಳಿದಿದ್ದಾರೆ. ನಮ್ಮ ದೇಶದಲ್ಲೂ ನರ್ಸುಗಳ ನೋಂದಣಿ ನಡೆದುಬಂದಿರುವುದು ರಾಜ್ಯ ನರ್ಸಿಂಗ್ ಕೌನ್ಸಿಲ್‌ಗಳ ಮೂಲಕವೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಇಷ್ಟು ಬಿಗಿ ಏಕೆ? ರೋಗಿಯನ್ನು ಹೊಡೆದವರು, ಅವರ ಹಣ ಕದ್ದವರು ಗಡಿ ದಾಟಿ ಹೊಸಬರಂತೆ ಕೆಲಸಕ್ಕೆ ಸೇರಬಾರದು ಎಂದು. ವಿಚಾರಣೆಯಲ್ಲಿ ಸಾಬೀತಾದ ದೌರ್ಜನ್ಯ ಪಟ್ಟಿಯಲ್ಲಿ ದಾಖಲಾಗುತ್ತದೆ, ಸುಲಭವಾಗಿ ಅಳಿಯುವುದಿಲ್ಲ. ಕೆಲಸ ಕೊಡುವ ಶುಶ್ರೂಷಾಲಯ, ಆ ವ್ಯಕ್ತಿಯ ಮಾಹಿತಿ ಇರಬಹುದಾದ ಪ್ರತಿಯೊಂದು ರಾಜ್ಯದ ಪಟ್ಟಿಯನ್ನೂ ವಿಚಾರಿಸಬೇಕು. ಆರೋಪವನ್ನು ಒಪ್ಪದ ಸಹಾಯಕಿಗೆ ತನ್ನ ಹೇಳಿಕೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸುವ ಹಕ್ಕಿದೆ.