ವಿದ್ಯುತ್ ಕಾರು ಕೊಳ್ಳುವ ಮುನ್ನ

ತೈಲ, ಕಲ್ಲಿದ್ದಲಿನ ಬಳಕೆಯನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವ ಪರಿಪತ್ರದಲ್ಲಿ ಹೇಳಿದರು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯವೂ ನಮ್ಮದೇ. ಆದರೆ ಪುತ್ತೂರು, ಸುಳ್ಯ, ಕಡಬದಲ್ಲಿ ಪೆಟ್ರೋಲ್ ಕಾರು ಬಿಡುವ ಮುನ್ನ ನಾವು ಕೆಲವು ಸಂಗತಿ ತಿಳಿದಿರಬೇಕು.

ಮೊದಲನೆಯದು ಚಾರ್ಜಿಂಗ್. 30 ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು ಮನೆಯ 15 ಆಂಪಿಯರ್ ಪ್ಲಗ್‌ನಲ್ಲಿ ಸುಮಾರು 10 ಗಂಟೆ ಬೇಕು. ತೋಟದ ಮನೆಗಳಲ್ಲಿ ವೋಲ್ಟೇಜ್ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರ್‌ಗಳು ಕೆಲಸವನ್ನೇ ಮಾಡವು. ಸಿಡಿಲು ಬರುವಾಗ ಪ್ಲಗ್ ತೆಗೆದಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಅದು ಸರಿಯಾಗುವ ತನಕ ಕಾಯಬೇಕು. ಅಂತಹ ರಾತ್ರಿ ರೋಗಿಯೊಬ್ಬರಿಗೆ ಅಭ್ಯಂಗ ಸಂಸ್ಕಾರ ನೀಡಲು ಗುರುಗಳಿಗೆ ಕರೆ ಬಂದರೆ? ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಚಾರ್ಜ್ ಅರ್ಧಕ್ಕಿಂತ ಇಳಿಯದಂತೆ ನೋಡಿಕೊಳ್ಳೋಣ.

ಎರಡನೆಯದು ಘಾಟಿ. ಸುಳ್ಯದಿಂದ ಸಂಪಾಜೆ ಮೂಲಕ ಮಡಿಕೇರಿಗೆ ಸುಮಾರು 1000 ಮೀಟರ್ ಎತ್ತರ ಹತ್ತಬೇಕು. ಒಂದೂವರೆ ಟನ್ ಕಾರಿಗೆ ಈ ಏರಿಗೆಂದೇ 4-5 ಯೂನಿಟ್ ಹೆಚ್ಚು ಖರ್ಚು. ಇಳಿಯುವಾಗ ಮೋಟಾರು ಜನರೇಟರ್ ಆಗಿ ಅದರ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ.

ಪೇಟೆಗೆ ಹೋಗಿಬರುವ ದಿನನಿತ್ಯದ ಓಟಕ್ಕೆ ಈ ಕಾರು ಧಾರಾಳ ಸಾಕು. ಎರಡು ವಾಹನವಿರುವ ಮನೆಯವರು ಮೊದಲು ಒಂದನ್ನು ಬದಲಿಸಬಹುದು. ಚರ್ಚ್ ವಠಾರದಲ್ಲಿ ಅರ್ಥಿಂಗ್ ಸರಿಯಿರುವ ಒಂದು ಪ್ಲಗ್ ಹಾಕಿಸುವ ಬಗ್ಗೆ ಪಾಲನಾ ಪರಿಷತ್ತಿನಲ್ಲಿ ಮಾತಾಡೋಣ. ಆದಿತ್ಯವಾರದ ಬಲಿಪೂಜೆ, ಧರ್ಮೋಪದೇಶ ಮುಗಿಯುವ ಎರಡು ಗಂಟೆಯೊಳಗೆ ಸುಮಾರು 40 ಕಿ.ಮೀ. ಓಟಕ್ಕಾಗುವಷ್ಟು ಚಾರ್ಜ್ ಸಿಗುತ್ತದೆ. ದೂರದಿಂದ ಬರುವ ಕುಟುಂಬಕ್ಕೆ ಅದು ಮನೆ ತಲುಪಲು ಸಾಕು.