ಪಿತ್ರಾರ್ಜಿತ ನಾಣ್ಯ ಸಂಗ್ರಹ: ಗುರುತಿಸುವಿಕೆ, ಮೌಲ್ಯಮಾಪನ ಮತ್ತು ಸಂವರ್ಧನೆ

ಪೀಠಿಕೆ

ಕರ್ನಾಟಕದ ಅನೇಕ ಮನೆಗಳಲ್ಲಿ ಹಿರಿಯರು ಕೂಡಿಟ್ಟ ಹಳೆಯ ನಾಣ್ಯಗಳು ದೇವರ ಪೆಟ್ಟಿಗೆಯಲ್ಲಿಯೋ, ಕಬ್ಬಿಣದ ಟ್ರಂಕಿನಲ್ಲಿಯೋ, ಕಾಸಿನ ಸರದ ರೂಪದಲ್ಲಿಯೋ ಉಳಿದು ಬಂದಿರುತ್ತವೆ. ಹಿರಿಯರು ಕಾಲವಾದ ನಂತರ ಇಂತಹ ಸಂಗ್ರಹವು ಸಾಮಾನ್ಯವಾಗಿ ಮೂರು ಬಗೆಯಲ್ಲಿ ನಷ್ಟವಾಗುತ್ತದೆ: ತೂಕದ ಬೆಲೆಗೆ ಮಾರಾಟವಾಗಿ ಕರಗಿಹೋಗುತ್ತದೆ, ಹುಣಸೆಹಣ್ಣು ಹಚ್ಚಿ ಉಜ್ಜಿದ ಕಾರಣ ಅಕ್ಷರಗಳು ಸವೆದುಹೋಗುತ್ತವೆ, ಅಥವಾ ವಾರಸುದಾರರಲ್ಲಿ ಹಂಚಿಹೋಗಿ, ಯಾವ ನಾಣ್ಯ ಎಲ್ಲಿಂದ ಬಂದಿತೆಂಬ ಮಾಹಿತಿಯೇ ಅಳಿದುಹೋಗುತ್ತದೆ. ಇವುಗಳಲ್ಲಿ ಯಾವ ನಷ್ಟವನ್ನೂ ಅನಂತರ ತುಂಬಲು ಸಾಧ್ಯವಿಲ್ಲ. ಆದುದರಿಂದ ಪಿತ್ರಾರ್ಜಿತವಾಗಿ ನಾಣ್ಯಗಳನ್ನು ಪಡೆದವರು ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲು ಮಾಡಬೇಕಾದ ಕಾರ್ಯ

ನಾಣ್ಯಗಳನ್ನು ತೊಳೆಯುವುದಕ್ಕಾಗಲೀ ಮಾರುವುದಕ್ಕಾಗಲೀ ಮುಂದಾಗುವ ಮೊದಲು ಅವು ಇದ್ದ ಸ್ಥಿತಿಯಲ್ಲಿಯೇ ಪಟ್ಟಿ ತಯಾರಿಸಬೇಕು. ಪ್ರತಿ ನಾಣ್ಯಕ್ಕೂ ಒಂದು ಕ್ರಮಸಂಖ್ಯೆ ನೀಡಿ, ಲೋಹ, ತೂಕ, ವ್ಯಾಸ, ಎರಡೂ ಬದಿಯ ಚಿತ್ರ ಮತ್ತು ಬರಹಗಳನ್ನು ದಾಖಲಿಸಿ ಛಾಯಾಚಿತ್ರ ತೆಗೆಯುವುದು ಸೂಕ್ತ. ಹಳೆಯ ಲಕೋಟೆ, ಚೀಟಿ, ಗಂಟು ಕಟ್ಟಿದ ಬಟ್ಟೆ ಮುಂತಾದವುಗಳನ್ನು ಎಸೆಯಬಾರದು. ಅವುಗಳ ಮೇಲಿನ ಒಂದು ಸಾಲಿನ ಬರಹವೂ ನಾಣ್ಯದ ಮೂಲವನ್ನು ತಿಳಿಸಬಲ್ಲದು.

ಮನೆಯಲ್ಲಿ ಉಳಿದಿರುವ ವೃದ್ಧರಿಂದ ನಾಣ್ಯಗಳ ಹಿನ್ನೆಲೆಯನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅತ್ಯಂತ ತುರ್ತಿನ ಕೆಲಸವಾಗಿದೆ. ನಾಣ್ಯವು ಇನ್ನೂ ನೂರು ವರ್ಷ ಉಳಿಯಬಹುದು. ಅದನ್ನು ಬಲ್ಲವರು ಉಳಿಯುವುದಿಲ್ಲ.

2. ಗುರುತಿಸುವ ಕ್ರಮ

ಅ) ಕರ್ನಾಟಕದ ಅರಸು ಮನೆತನಗಳ ನಾಣ್ಯಗಳು: ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬಿರುದುಗಳಿವೆ. ವಿಜಯನಗರದ ವರಹವು ಸುಮಾರು 3.4 ಗ್ರಾಂ ತೂಗುತ್ತದೆ. ಕೃಷ್ಣದೇವರಾಯನ ನಾಣ್ಯಗಳಲ್ಲಿ ಬಾಲಕೃಷ್ಣನ ಚಿತ್ರವೂ, ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವೂ ಪ್ರಸಿದ್ಧ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರಾಯ ಹಣವು ಅತಿ ಚಿಕ್ಕ ಚಿನ್ನದ ನಾಣ್ಯವಾಗಿದ್ದು, ಅದರ ಮೇಲೆ ನರಸಿಂಹನ ಚಿತ್ರವಿದೆ. ಹೈದರ್ ಅಲಿಯು ಇಕ್ಕೇರಿ ವರಹದ ಶಿವ-ಪಾರ್ವತಿಯರ ಚಿತ್ರವನ್ನು ಮುಂದುವರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನು ಇರಿಸಿದನು.

ಮನೆಗಳಲ್ಲಿ ಹೆಚ್ಚಾಗಿ ದೊರೆಯುವವು ಟಿಪ್ಪು ಸುಲ್ತಾನನ ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳು. ಇವುಗಳಲ್ಲಿ ಮೌಲೂದಿ ಶಕೆಯ ವರ್ಷವನ್ನು ಬಲದಿಂದ ಎಡಕ್ಕೆ ಓದಬೇಕಾಗುತ್ತದೆ. 1215 ಎಂಬ ವರ್ಷವು 5121 ಎಂಬಂತೆ ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ 20 ಕಾಸಿನ ತಾಮ್ರದ ನಾಣ್ಯದಲ್ಲಿ ಆನೆಯ ಚಿತ್ರದೊಡನೆ ಕನ್ನಡ ಮತ್ತು ಇಂಗ್ಲಿಷ್ ಬರಹಗಳು ಕಂಡುಬರುತ್ತವೆ.

ಆ) ಬ್ರಿಟಿಷ್ ಭಾರತದ ನಾಣ್ಯಗಳು: ಏಕರೂಪದ ನಾಣ್ಯ ಪದ್ಧತಿಯು 1835ರಲ್ಲಿ ಜಾರಿಗೆ ಬಂದಿತು. ವಿಕ್ಟೋರಿಯಾ ರಾಣಿಯ 1862 ಎಂಬ ವರ್ಷವುಳ್ಳ ರೂಪಾಯಿಗಳೆಲ್ಲವೂ ಆ ವರ್ಷದವಲ್ಲ. 1873ರವರೆಗೂ ಅದೇ ವರ್ಷವನ್ನು ಅಚ್ಚೊತ್ತಲಾಗುತ್ತಿತ್ತು. 1911ರ ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂಬ ಆಕ್ಷೇಪಣೆ ಬಂದುದರಿಂದ ಮರುವರ್ಷ ಚಿತ್ರವನ್ನು ತಿದ್ದಲಾಯಿತು.

ಇ) ಸ್ವಾತಂತ್ರ್ಯಾನಂತರದ ನಾಣ್ಯಗಳು: 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಿತು. ಅದಕ್ಕೆ ಮೊದಲು ಒಂದು ರೂಪಾಯಿಗೆ 16 ಆಣೆ, 64 ಪೈಸೆ ಅಥವಾ 192 ಪೈ ಎಂಬ ಲೆಕ್ಕವಿತ್ತು. ವರ್ಷದ ಕೆಳಗಿನ ಗುರುತಿನಿಂದ ಟಂಕಸಾಲೆಯನ್ನು ತಿಳಿಯಬಹುದು: ವಜ್ರಾಕೃತಿಯು ಮುಂಬಯಿ, ನಕ್ಷತ್ರವು ಹೈದರಾಬಾದ್, ದುಂಡನೆಯ ಚುಕ್ಕೆಯು ನೋಯ್ಡಾ, ಗುರುತಿಲ್ಲದಿರುವುದು ಕೋಲ್ಕತ್ತ.

3. ಮೌಲ್ಯ ನಿರ್ಧಾರ

ನಾಣ್ಯದ ಬೆಲೆಯು ಲೋಹ, ವಿರಳತೆ, ಸ್ಥಿತಿ ಮತ್ತು ಬೇಡಿಕೆ ಎಂಬ ನಾಲ್ಕು ಅಂಶಗಳನ್ನು ಅವಲಂಬಿಸಿರುತ್ತದೆ. ಪ್ರಾಚೀನತೆಯೊಂದೇ ಬೆಲೆಯನ್ನು ನಿರ್ಧರಿಸುವುದಿಲ್ಲ.

ಉದಾಹರಣೆಗೆ, 1918ರ ರೂಪಾಯಿ ಮತ್ತು 1942ರ ರೂಪಾಯಿ ಎರಡೂ ಸುಮಾರು 11.66 ಗ್ರಾಂ ತೂಗುತ್ತವೆ, ನೋಟಕ್ಕೂ ಹೋಲುತ್ತವೆ. ಆದರೆ ಮೊದಲನೆಯದರಲ್ಲಿ ಶೇಕಡಾ 91.7ರಷ್ಟು, ಅಂದರೆ ಸುಮಾರು 10.69 ಗ್ರಾಂ ಬೆಳ್ಳಿಯಿದೆ. 1940ರಿಂದ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ ಕಾರಣ ಎರಡನೆಯದರಲ್ಲಿ ಇರುವುದು 5.83 ಗ್ರಾಂ ಮಾತ್ರ. 1947ರ ರೂಪಾಯಿ ನಿಕ್ಕಲ್‌ನದು. ಅದು ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟಿಕೊಳ್ಳುವುದಿಲ್ಲ. ಇನ್ನೊಂದೆಡೆ, 1939ರ ಬೆಳ್ಳಿ ರೂಪಾಯಿ ಅತ್ಯಂತ ವಿರಳವಾದುದರಿಂದ ಅದರ ಬೆಲೆಗೂ ಬೆಳ್ಳಿಯ ಬೆಲೆಗೂ ಸಂಬಂಧವೇ ಇಲ್ಲ. ಇದೇ ಕಾರಣದಿಂದ ಆ ವರ್ಷದ ನಕಲಿ ನಾಣ್ಯಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ.

ತೂತು ಕೊರೆದ ಅಥವಾ ಬಳೆ ಬೆಸೆದ ನಾಣ್ಯಗಳಿಗೆ ಸಂಗ್ರಾಹಕರಲ್ಲಿ ಬೆಲೆ ಕಡಿಮೆ. ಆದರೆ ಪೂರ್ಣವಾಗಿ ಉಳಿದಿರುವ ಕಾಸಿನ ಸರವನ್ನು ಬಿಡಿಸಬಾರದು. ಅದು ಆಭರಣವಾಗಿಯೂ ಕುಟುಂಬದ ಇತಿಹಾಸದ ದಾಖಲೆಯಾಗಿಯೂ ಮಹತ್ವ ಪಡೆದಿರುತ್ತದೆ.

ಬೆಲೆ ತಿಳಿಯಲು ಮಾರಾಟಗಾರರು ಕೇಳುವ ಮೊತ್ತವನ್ನು ನಂಬದೆ, ಹರಾಜಿನಲ್ಲಿ ವಾಸ್ತವವಾಗಿ ಮಾರಾಟವಾದ ದರಗಳನ್ನು ನೋಡಬೇಕು. ಬೆಲೆಬಾಳುವ ನಾಣ್ಯಗಳ ಬಗ್ಗೆ ಕನಿಷ್ಠ ಇಬ್ಬರು ತಜ್ಞರ ಅಭಿಪ್ರಾಯ ಪಡೆಯುವುದು ಒಳ್ಳೆಯದು.

4. ನಕಲಿ ನಾಣ್ಯಗಳು ಮತ್ತು ವಂಚನೆ

ರಾಮ ಪಟ್ಟಾಭಿಷೇಕ, ಹನುಮಂತ ಮೊದಲಾದ ಚಿತ್ರಗಳೊಡನೆ ‘ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1616’, ‘1717’ ಅಥವಾ ‘1818’ ಎಂದು ಬರೆದಿರುವ ಬಿಲ್ಲೆಗಳು ನಾಣ್ಯಗಳಲ್ಲ. ಕಂಪನಿಯು ಇಂತಹ ನಾಣ್ಯಗಳನ್ನು ಎಂದೂ ಹೊರಡಿಸಿರಲಿಲ್ಲ. ಇವುಗಳಿಗೆ ಅದ್ಭುತ ಶಕ್ತಿ ಇದೆಯೆಂದು ಹೇಳಿ ಲಕ್ಷಾಂತರ ರೂಪಾಯಿ ಕೇಳುವವರನ್ನು ನಂಬಬಾರದು. ಪೂಜೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಹಳೆಯ ನಾಣ್ಯಗಳನ್ನು ಭಾರಿ ಬೆಲೆಗೆ ಕೊಳ್ಳುವುದಾಗಿ ಆಸೆ ತೋರಿಸಿ, ‘ಶುಲ್ಕ’, ‘ತೆರಿಗೆ’, ‘ಕಮಿಷನ್’ ಎಂದು ಮುಂಗಡ ಹಣ ಪಡೆಯುವ ವಂಚನೆಗಳು ನಡೆಯುತ್ತಿವೆ. ತಾನು ಇಂತಹ ವ್ಯವಹಾರಗಳಲ್ಲಿ ತೊಡಗುವುದಿಲ್ಲ, ಶುಲ್ಕ ವಸೂಲಿಗೆ ಯಾರಿಗೂ ಅಧಿಕಾರ ನೀಡಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಕೊಳ್ಳುವವರು ಹಣ ಕೊಡುತ್ತಾರೆಯೇ ಹೊರತು ಕೇಳುವುದಿಲ್ಲ.

5. ಕಾನೂನಿನ ಅಂಶಗಳು

• ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮ, 1972ರ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ನಾಣ್ಯವು ಪುರಾವಸ್ತುವಾಗಿರುತ್ತದೆ. ಖಾಸಗಿ ವ್ಯಕ್ತಿಗಳು ಇದನ್ನು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ವಿದೇಶದಲ್ಲಿ ನೆಲೆಸಿರುವ ಮಕ್ಕಳು ಅಜ್ಜನ ನೆನಪಿಗೆಂದು 1918ರ ಒಂದು ರೂಪಾಯಿಯನ್ನು ಒಯ್ದರೂ ಈ ನಿಷೇಧ ಅನ್ವಯಿಸುತ್ತದೆ.
• ಪುರಾವಸ್ತುಗಳ ವ್ಯಾಪಾರ ನಡೆಸಲು ಪರವಾನಗಿ ಕಡ್ಡಾಯ.
• ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದ ನಾಣ್ಯಗಳು ಬೇರೆ, ಭೂಮಿಯಲ್ಲಿ ಹುದುಗಿದ್ದು ದೊರೆತ ನಿಧಿ ಬೇರೆ. ಪಾಯ ತೋಡುವಾಗ ಅಥವಾ ಹೊಲ ಉಳುವಾಗ ದೊರೆತವು ಕರ್ನಾಟಕ ನಿಧಿ ಅಧಿನಿಯಮ, 1962ರ ವ್ಯಾಪ್ತಿಗೆ ಬರುತ್ತವೆ. ಅಂತಹ ಸಂದರ್ಭದಲ್ಲಿ ಜಿಲ್ಲಾಡಳಿತಕ್ಕೆ ತಿಳಿಸತಕ್ಕದ್ದು.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳೊಡನೆ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತಿದ್ದರಿಂದ ಆ ಕಾಲದ ಸಾಗರೋತ್ತರ ವ್ಯಾಪಾರದ ಅರಿವು ಉಂಟಾಯಿತು. ಅದೇ ನಾಣ್ಯ ಸಂತೆಯಲ್ಲಿ ದೊರೆತಿದ್ದರೆ ಕೇವಲ ಬೆಳ್ಳಿಯ ತುಣುಕಾಗುತ್ತಿತ್ತು. ದೊರೆತ ಸ್ಥಳವೇ ನಾಣ್ಯದ ಅರ್ಧ ಇತಿಹಾಸ.

6. ಸಂಗ್ರಹದ ಸಂವರ್ಧನೆ

ಕಂಡ ಕಂಡ ನಾಣ್ಯಗಳನ್ನು ಕೂಡಿಸುವುದಕ್ಕಿಂತ, ಹಿರಿಯರ ಸಂಗ್ರಹದಲ್ಲಿ ಈಗಾಗಲೇ ಇರುವ ಒಂದು ಎಳೆಯನ್ನು ಹಿಡಿದು ಬೆಳೆಸುವುದು ಉತ್ತಮ. ಉದಾಹರಣೆಗೆ, ಟಿಪ್ಪುವಿನ ಕೆಲವು ತಾಮ್ರದ ನಾಣ್ಯಗಳಿದ್ದಲ್ಲಿ ಅವುಗಳನ್ನು ಟಂಕಸಾಲೆಯ ಪ್ರಕಾರ ವಿಂಗಡಿಸಬಹುದು: ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಖುರ್ಷೀದ್ ಸವಾದ್ ಎಂದರೆ ಧಾರವಾಡ. ಇಲ್ಲದಿರುವ ಟಂಕಸಾಲೆಗಳ ನಾಣ್ಯಗಳನ್ನು ಮಾತ್ರ ಕ್ರಮೇಣ ಸೇರಿಸುತ್ತಾ ಹೋದಲ್ಲಿ ಅಲ್ಪ ವೆಚ್ಚದಲ್ಲಿಯೇ ಅರ್ಥಪೂರ್ಣ ಸಂಗ್ರಹ ರೂಪುಗೊಳ್ಳುತ್ತದೆ.

ಕೊಳ್ಳುವಾಗ ರಸೀದಿ ಪಡೆದು, ದಿನಾಂಕ ಮತ್ತು ಬೆಲೆಯನ್ನು ಪಟ್ಟಿಯಲ್ಲಿ ನಮೂದಿಸಬೇಕು. ಹಿರಿಯರಿಂದ ಬಂದವು ಮತ್ತು ಹೊಸದಾಗಿ ಸೇರಿದವುಗಳನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಡಾ. ಎ.ವಿ. ನರಸಿಂಹಮೂರ್ತಿಯವರ ಗ್ರಂಥಗಳು ಕರ್ನಾಟಕದ ನಾಣ್ಯಗಳ ಅಧ್ಯಯನಕ್ಕೆ ಉಪಯುಕ್ತವಾಗಿವೆ.

7. ಸಂರಕ್ಷಣೆ

• ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು.
• ಹುಣಸೆಹಣ್ಣು, ನಿಂಬೆರಸ, ಬೂದಿ, ಹಲ್ಲುಪುಡಿ ಬಳಸಬಾರದು.
• ಪಿ.ವಿ.ಸಿ. ಚೀಲಗಳ ಬದಲು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಇರಿಸಬೇಕು.
• ತಾಮ್ರದ ನಾಣ್ಯದ ಮೇಲೆ ಹಸಿರು ಪುಡಿ ಕಂಡುಬಂದಲ್ಲಿ ಅದನ್ನು ಬೇರ್ಪಡಿಸಿ ತಜ್ಞರಿಗೆ ತೋರಿಸಬೇಕು.
• ಪೂಜೆಗೆ ಬಳಸುವ ನಾಣ್ಯಗಳಿಗೆ ಹಾಲು, ಕುಂಕುಮ ತಾಗದಂತೆ ಎಚ್ಚರ ವಹಿಸಬೇಕು.

ಸಂಗ್ರಹವನ್ನು ಪಾಲು ಮಾಡುವುದು ಅನಿವಾರ್ಯವಾದಲ್ಲಿ, ಪೂರ್ಣ ಪಟ್ಟಿಯ ಪ್ರತಿಯೊಂದನ್ನು ಎಲ್ಲ ವಾರಸುದಾರರೂ ಇಟ್ಟುಕೊಳ್ಳಬೇಕು. ನಾಣ್ಯಗಳು ಬೇರೆ ಬೇರೆ ಮನೆಗಳಿಗೆ ಹೋದರೂ ಸಂಗ್ರಹದ ಚರಿತ್ರೆ ಒಂದಾಗಿ ಉಳಿಯುತ್ತದೆ.